ಕಾಣೆಯಾದ ವಿಮಾನದ ಸುದ್ದಿಯನ್ನು ಓದುವುದು ಹೇಗೆ

2014ರ ಮಾರ್ಚ್ 8ರಂದು 239 ಜನರಿದ್ದ ಮಲೇಷ್ಯಾ ಏರ್‌ಲೈನ್ಸ್ ವಿಮಾನ ಎಂಎಚ್370 ಕಾಣೆಯಾದಾಗ ನಾನು ಹಳೆಯ ನೋಟ್‌ಬುಕ್ ಹಿಡಿದು ಕೂತಿದ್ದೆ. ಅಧಿಕಾರಿಗಳ ಮಾತು ದಿನಕ್ಕೊಂದು ಥರ ಇತ್ತು.

ಮೊದಲು ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ಯಾರು ಹೇಳಿದರು, ಯಾವಾಗ, ಏನು, ಯಾವ ಉಪಕರಣದಿಂದ ಗೊತ್ತಾಯಿತು. ಕೊನೆಯದೇ ಮುಖ್ಯ. ‘ಸಂಪರ್ಕ ತಪ್ಪಿತು’ ಅಂದರೆ ಸುಮ್ನೆ ಬರೆದುಕೊಳ್ಳಬೇಡಿ, ಯಾವ ಸಂಪರ್ಕ ಅಂತ ನೋಡಿ. ಎಂಎಚ್370ರ ಕಾಕ್‌ಪಿಟ್‌ನಿಂದ ಕೊನೆಯ ಮಾತು ಬಂದದ್ದು ನಡುರಾತ್ರಿ ಕಳೆದು 1:19ಕ್ಕೆ. ವಿಮಾನದ ಗುರುತನ್ನು ರೇಡಾರ್‌ಗೆ ತಿಳಿಸುವ ಟ್ರಾನ್ಸ್‌ಪಾಂಡರ್‌ನ ಸಂಕೇತ ಮಾಯವಾದದ್ದು 1:21ರ ಹೊತ್ತಿಗೆ. ಮಿಲಿಟರಿ ರೇಡಾರ್‌ನಲ್ಲಿ 2:22ರವರೆಗೆ ಕಂಡಿತು. ಉಪಗ್ರಹಕ್ಕಂತೂ ಬೆಳಿಗ್ಗೆ 8:19ಕ್ಕೂ ಸಂಕೇತ ಹೋಗಿತ್ತು! ಸಂಪರ್ಕ ತಪ್ಪಿತು ಅಂತ ವಿಮಾನ ಕಂಪನಿ ಮೊದಲು ಹೇಳಿದ 2:40 ಇವುಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಆದರೂ ಅಳಿಸಬೇಡಿ, ತಿದ್ದಿದ ದಿನಾಂಕವನ್ನು ಪಕ್ಕದಲ್ಲಿ ಹಾಕಿ.

ಇವೆಲ್ಲ ಮಲೇಷ್ಯಾ ಸಮಯ; ಅದು ಯುಟಿಸಿಗಿಂತ, ಅಂದರೆ ಜಾಗತಿಕ ಪ್ರಮಾಣ ಸಮಯಕ್ಕಿಂತ, 8 ಗಂಟೆ ಮುಂದೆ. ನಾನು ಇಲ್ಲೇ ಎರಡು ಸಲ ಎಡವಿದೆ.

ಹಡಗುಗಳು ಎಲ್ಲಿಗೆ ಹೋಗುತ್ತಿವೆ ಅನ್ನುವುದನ್ನೂ ಗಮನಿಸಿ. ದಕ್ಷಿಣ ಚೀನಾ ಸಮುದ್ರದಲ್ಲಿ ಹುಡುಕುತ್ತಲೇ ಮಲೇಷ್ಯಾದ ಇನ್ನೊಂದು ಬದಿಯ ಮಲಕ್ಕಾ ಜಲಸಂಧಿಗೂ ಇಳಿದರು. ಅಧಿಕಾರಿಗಳು ಬಾಯಿ ಬಿಡುವ ಮೊದಲೇ ಏನೋ ಇದೆ ಅಂತ ಗೊತ್ತಾಗುತ್ತದೆ, ಅಲ್ವಾ?

ತೇಲುವ ವಸ್ತು ಕಂಡಿತು ಎಂಬ ಸುದ್ದಿಗೆ ಪೆನ್ಸಿಲ್ ಬಳಸಿ. ನಾನು ಪೆನ್ನಿನಲ್ಲಿ ಬರೆದದ್ದು 2015ರ ಜುಲೈನಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಸಿಕ್ಕ ರೆಕ್ಕೆಯ ತುಂಡನ್ನು, ಅದೂ ತನಿಖೆಯವರು ಖಚಿತಪಡಿಸಿದ ಮೇಲೆ.