ಮಳೆಗಾಲದಲ್ಲಿ ಸಣ್ಣ ಮಕ್ಕಳನ್ನು ಕಡಲ ಬದಿಗೆ ಕರಕೊಂಡು ಹೋಗುವವರಿಗೆ

ಮಲ್ಪೆಯಿರಲಿ, ಕಾಪು, ಪಣಂಬೂರೇ ಇರಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗುವಿನ ಪಾದ ನೆನೆಸುವಷ್ಟಕ್ಕೂ ನೀರಿಗಿಳಿಸಬೇಡಿ. ತೆರೆ ಹಿಂದೆ ಸರಿಯುವಾಗ ಕಾಲಡಿಯ ಹೊಯ್ಗೆಯನ್ನೂ (ಮರಳನ್ನೂ) ಎಳೆದೊಯ್ಯುತ್ತದೆ, ಮಗು ಅಲ್ಲೇ ಬೀಳುತ್ತದೆ. ಕಾಪು ದೀಪಸ್ತಂಭದ ಬಂಡೆ ಪಾಚಿ ಕಟ್ಟಿ ಜಾರುತ್ತದೆ, ದೂರದಿಂದ ನೋಡಿದರೆ ಸಾಕು.

ಆಟಕ್ಕೆ ನಿಜವಾದ ಜಾಗ ಮೇಲ್ಗಡೆಯ ಹೊಯ್ಗೆ. ನೀರು ಇಳಿಯುವ ಹೊತ್ತು ನೋಡಿ ಹೋಗಿ. ಕಸಕಡ್ಡಿ ಬಂದು ನಿಂತ ಗೆರೆಯಿಂದ ಇಪ್ಪತ್ತು ಹೆಜ್ಜೆ ಮೇಲೆ ಕೂರಿಸಿ. ಮಳೆಗೆ ನೆಂದ ಹೊಯ್ಗೆ ಒಣ ಹೊಯ್ಗೆಯಂತೆ ಉದುರುವುದಿಲ್ಲ, ಗೋಪುರ ಚೆನ್ನಾಗಿ ನಿಲ್ಲುತ್ತದೆ. ಒಂದು ತೆಂಗಿನ ಚಿಪ್ಪು ಕೊಟ್ಟರೆ ಮಳೆನೀರಿಗೆ ತೋಡು ತೋಡುತ್ತಾ ಅರ್ಧ ಗಂಟೆ ಕಳೆಯುತ್ತಾರೆ. ಇದಕ್ಕಿಂತ ಒಳ್ಳೆಯ ಆಟಿಕೆ ಬೇಡ.

ಕೊಡೆ ಗಾಳಿಗೆ ಮಗುಚುತ್ತದೆ. ರೈನ್‌ಕೋಟ್, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ. ಎರಡು ಜೊತೆ ಬಟ್ಟೆ, ಎರಡು ಬೈರಾಸು (ಟವೆಲ್), ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ಇರಲಿ. ಸಣ್ಣ ಬಾಟಲಿ ತೆಂಗಿನೆಣ್ಣೆ ಮರೆಯಲೇಬೇಡಿ: ಈ ಕಾಲದಲ್ಲಿ ದಡಕ್ಕೆ ಬರುವ ಕಪ್ಪು ಡಾಂಬರಿನ ಉಂಡೆ ಕಾಲಿಗೆ ಮೆತ್ತಿದರೆ ಸೋಪಿಗೆ ಹೋಗದು, ಎಣ್ಣೆ ಸವರಿ ಹತ್ತಿಯಲ್ಲಿ ಒರೆಸಿದರೆ ಬಿಡುತ್ತದೆ. ಸೀಮೆಎಣ್ಣೆ ಬೇಡ, ಎಳೆ ಚರ್ಮ ಉರಿಯುತ್ತದೆ. ನೀಲಿ ಬಲೂನಿನಂಥ ಜೆಲ್ಲಿ ಮೀನು ಕಂಡರೆ ಮುಟ್ಟಲು ಬಿಡಬೇಡಿ, ಸತ್ತದ್ದೂ ಕುಟುಕುತ್ತದೆ.

ಗುಡುಗಿದರೆ ಗಾಳಿಮರದಡಿ ನಿಲ್ಲದೆ ಕಾರಿಗೆ ಓಡಿ. ಮಗು ನಡುಗತೊಡಗಿದರೆ ಆಗಲೇ ಬಟ್ಟೆ ಬದಲಿಸಿ ಹೊರಡಿ. ದಾರಿಯಲ್ಲಿ ಬಿಸಿ ಗೋಳಿಬಜೆ ಸಿಗುತ್ತದೆ.