ಕೆರೆ ಹೂಳಿಗಿಂತ ಮೊದಲು ಕಾಲುವೆ ನೋಡಿ: ನಮ್ಮೂರ ಹುಡುಗರ ಅನುಭವ

ಹವಾಮಾನ ಬದಲಾವಣೆಗೆ ಊರಲ್ಲಿ ಏನಾದ್ರೂ ಮಾಡಬೇಕು ಅಂದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯೋದು ಗಿಡ ನೆಡೋದು. ಗಿಡ ನೆಡೋದು ಒಳ್ಳೆಯದೇ. ಆದರೆ ಕುಡಿಯೋ ನೀರಿಗೇ ಟ್ಯಾಂಕರ್ ಕಾಯುವ ಊರಲ್ಲಿ ಸಸಿಗೆ ನೀರು ಎಲ್ಲಿಂದ ತರೋದು? ಎರಡನೆಯದಾಗಿ ಹೊಳೆಯೋದು ಕೆರೆ ಹೂಳೆತ್ತೋದು. ಅದೂ ಬೇಕು. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಕೆರೆಗೆ ನೀರು ತರುವ ಕಾಲುವೆ ಬಿಡಿಸೋದು. ನಾವು ಅದನ್ನು ಹೇಗೆ ಮಾಡಿದೆವು ಅಂತ ಇಲ್ಲಿ ಬರೆದಿದ್ದೇನೆ.

ನಮ್ಮದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕು. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಹಿಂದಿನವರು ಅದಕ್ಕೇ ಕೆರೆ ಕೆಳಗೊಂದು ಕೆರೆ ಕಟ್ಟಿದರು. ಮೇಲಿನದು ಕೋಡಿ ಹೋದರೆ ಕೆಳಗಿನದಕ್ಕೆ ನೀರು. ಬೆಂಗಳೂರಿನಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಜಿಲ್ಲೆಯ ಕೆಲವು ಕೆರೆಗಳಿಗೆ ಬರುತ್ತಿದೆ, ನಮ್ಮ ಕೆರೆಗೆ ಅದು ಬರಲ್ಲ. ನಮಗೆ ಮಳೆಯೇ ಗತಿ.

ಆ ಮಳೆ ಈಗ ಮೊದಲಿನ ಹಾಗಿಲ್ಲ. 2021ರ ನವೆಂಬರ್‌ನಲ್ಲಿ ಎಡೆಬಿಡದೆ ಸುರಿದು, ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮೊಳಕೆ ಬಂತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. 1901ರಿಂದ ಇಟ್ಟಿರುವ ಲೆಕ್ಕದಲ್ಲಿ ಇಡೀ ದೇಶಕ್ಕೆ ಅತಿ ಕಡಿಮೆ ಮಳೆಯಾದ ಆಗಸ್ಟ್ ಆ ವರ್ಷದ್ದೇ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. ಸುರಿಯುವಾಗ ಒಟ್ಟಿಗೇ ಸುರಿಯುತ್ತದೆ. ಅಂದರೆ ಒಂದು ತಿಂಗಳು ನಿಧಾನವಾಗಿ ಕಾಲುವೆಯಲ್ಲಿ ಬರುತ್ತಿದ್ದ ನೀರು ಈಗ ಎರಡು ರಾತ್ರಿಯಲ್ಲಿ ಬಂದುಬಿಡುತ್ತದೆ. ಕಾಲುವೆ ಕಟ್ಟಿಕೊಂಡಿದ್ದರೆ ಅದು ಹೊಲಕ್ಕೆ ನುಗ್ಗಿ ಮಣ್ಣು ಕೊಚ್ಚಿಕೊಂಡು ಹೋಗುತ್ತೆ, ಕೆರೆಗೆ ಮಾತ್ರ ಬರಲ್ಲ. ಬರ, ನೆರೆ ಎರಡಕ್ಕೂ ನಮ್ಮೂರಲ್ಲಿ ಮದ್ದು ಒಂದೇ ಜಾಗದಲ್ಲಿದೆ ಅಂತ ನನಗೆ ಅನ್ನಿಸಿದ್ದು ಇದರಿಂದಲೇ.

ನಮ್ಮ ಗುಂಪಿನಲ್ಲಿ ಅರ್ಧ ಜನ ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವವರು. ಇನ್ನರ್ಧ ಡಿಗ್ರಿ ಓದುವ ಹುಡುಗಿಯರು, ಹುಡುಗರು. ಸಿಗೋದು ಭಾನುವಾರ ಮಾತ್ರ. 2023ರ ಸೆಪ್ಟೆಂಬರ್‌ನಲ್ಲಿ, ಕೆರೆ ಒಣಗಿ ಬಿರುಕು ಬಿಟ್ಟಿದ್ದಾಗ, ಹೂಳೆತ್ತಿಸೋಣ ಅಂತ ಮಾತು ಶುರುವಾಯಿತು. ಹಿಂದೆ ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದ ತಾತ ಒಬ್ಬರು ಏರಿ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. “ನೀರು ಬರೋ ದಾರಿ ನೋಡ್ರಪ್ಪಾ ಮೊದಲು. ಬರೀ ಅಂಗಳ ತೋಡಿ ಏನ್ ಮಾಡ್ತೀರ?” ಅಂದರು. ಮುಂದಿನ ಭಾನುವಾರ ಅವರನ್ನೇ ಮುಂದೆ ಬಿಟ್ಟುಕೊಂಡು ಕೆರೆಯಿಂದ ಗುಡ್ಡದ ಬುಡದವರೆಗೆ ನಡೆದೆವು.

ಎಲ್ಲಿ ಏನಿದೆ ಅಂತ ಒಬ್ಬಳು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾ ಬಂದಳು. ಸೀಮೆ ಜಾಲಿ, ಲಂಟಾನ ನಿರೀಕ್ಷಿಸಿದ್ದೇ. ನಿಜವಾಗಿ ನೀರು ತಡೆದಿದ್ದು ಮಲ್ಚಿಂಗ್ ಪೇಪರ್, ಅಂದರೆ ಕಳೆ ಬಾರದಂತೆ ಗಿಡದ ಬುಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ. ನಮ್ಮ ಕಡೆ ಟೊಮೆಟೊ ಜಾಸ್ತಿ. ಬೆಳೆ ಮುಗಿದ ಬಳಿಕ, ಮೇಲ್ಗಡೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು ಇರುವ ಆ ಹಾಳೆಯನ್ನು ಸುತ್ತಿ ಬದುವಿನಾಚೆ ಎಸೆಯುತ್ತಾರೆ. ಮಳೆಗೆ ಅದು ಕಾಲುವೆಗೆ ಇಳಿದು ಜಾಲಿ ಬೇರಿಗೆ ಸುತ್ತಿಕೊಳ್ಳುತ್ತೆ. ಮೇಲೆ ಮರಳು ಕೂರುತ್ತೆ, ಹಳೇ ಡ್ರಿಪ್ ಪೈಪು ಸಿಕ್ಕಿಕೊಳ್ಳುತ್ತೆ. ನಾಲ್ಕು ಮಳೆಗಾಲ ಕಳೆದರೆ ಅದೊಂದು ಕಟ್ಟೆಯೇ ಆಗಿಬಿಡುತ್ತೆ. ಹಾಳೆ ಹಿಡಿದು ಎಳೆದರೆ ಹರಿಯುತ್ತೆ ಹೊರತು ಬರಲ್ಲ. ಮೊದಲು ಮಚ್ಚಿನಲ್ಲಿ ಬೇರು ಕಡಿದು, ಮರಳು ಸರಿಸಿ, ಹಾಳೆಯನ್ನು ಪದರ ಪದರವಾಗಿ ಬಿಡಿಸಬೇಕು. ಈ ಕೆಲಸಕ್ಕೆ ಜೆಸಿಬಿ ಸರಿಯಲ್ಲ. ಅದು ಪ್ಲಾಸ್ಟಿಕ್ಕನ್ನು ಮಣ್ಣಿನ ಜೊತೆ ಕಲಸಿ ದಡಕ್ಕೆ ಹಾಕುತ್ತೆ, ಮುಂದಿನ ಮಳೆಗೆ ಅದೆಲ್ಲ ವಾಪಸ್ ಕಾಲುವೆಗೇ ಬರುತ್ತೆ.

ಇನ್ನೊಂದು ಕಡೆ ಕಾಲುವೆಯೇ ಇರಲಿಲ್ಲ. ಹೊಲಕ್ಕೆ ಸೇರಿಹೋಗಿತ್ತು. ಇಲ್ಲಿ ಹುಡುಗರು ಆತುರ ಪಡಬಾರದು. ಮೊದಲು ಭೂದಾಖಲೆ ಇಲಾಖೆಯ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ ಹಳ್ಳ, ಕಾಲುವೆ ಗೆರೆ ಇರುತ್ತೆ. ಸಾರ್ವಜನಿಕ ಬಳಕೆಯ ಇಂಥ ಜಾಗ ಬಿ ಖರಾಬು ಎಂದು ದಾಖಲಾಗಿದೆಯಾ ನೋಡಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತೆ. ಆದರೆ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ಅದನ್ನೇ ಅಳತೆ ಅಂತ ಹಿಡಿದು ಜಗಳಕ್ಕೆ ಹೋಗಬಾರದು. ಅಳತೆ ಸರ್ವೆಯರ್ ಬಂದೇ ಮಾಡಬೇಕು.

ನಾವು ಸರ್ವೆಗೆ ಅರ್ಜಿ ಹಾಕುವ ಮೊದಲು ಆ ಹೊಲದ ಅಣ್ಣನ ಹತ್ತಿರ ಮಾತಾಡಿದೆವು.

“ಅಣ್ಣ, ನಿಮ್ಮ ಬೋರು ಏರಿ ಕೆಳಗೆ ತಾನೇ ಇರೋದು?”

“ಹೂಂ.”

“ಎಷ್ಟು ಅಡಿ?”

“ಸಾವಿರದ ಇನ್ನೂರು. ಅದೂ ಈಗ ಬಿಟ್ಟು ಬಿಟ್ಟು ಬರ್ತದೆ.”

“ಕೆರೆಗೆ ನೀರು ಬಂದ್ರೆ ಮೊದಲು ಊರೋದು ನಿಮ್ಮ ಬೋರಿಗೇ ಅಲ್ವಾ?”

ಅವರು ತಕ್ಷಣ ಒಪ್ಪಲಿಲ್ಲ. ಟೊಮೆಟೊ ಕೀಳುವವರೆಗೆ ಮುಟ್ಟಬೇಡಿ ಅಂದರು. ಕಾದೆವು. ಕೊನೆಗೆ ನಕ್ಷೆಯಲ್ಲಿದ್ದಷ್ಟು ಅಗಲ ಬಿಡಲಿಲ್ಲ, ಆದರೆ ನೀರು ಹರಿಯುವಷ್ಟು ಬಿಟ್ಟರು. ಆ ವರ್ಷಕ್ಕೆ ಅಷ್ಟು ಸಾಕಾಗಿತ್ತು. ಸರ್ವೆ ಅರ್ಜಿ ಆಮೇಲೆ ಕೊಟ್ಟೆವು, ಅವರಿಗೆ ಹೇಳಿಯೇ ಕೊಟ್ಟೆವು.

ನರೇಗಾ, ಅಂದರೆ ಗ್ರಾಮೀಣ ಉದ್ಯೋಗ ಖಾತ್ರಿಯ ಕ್ರಿಯಾ ಯೋಜನೆಗೆ ಅಕ್ಟೋಬರ್ 2ರ ಹೊತ್ತಿನಿಂದಲೇ ಗ್ರಾಮ ಸಭೆಗಳಲ್ಲಿ ಕಾಮಗಾರಿ ಸೇರಿಸುತ್ತಿದ್ದರು. ಬೇಸಿಗೆಯಲ್ಲಿ ಹೋಗಿ ಕೇಳಿದರೆ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಅದಕ್ಕೇ ಆ ಸಭೆಗೆ ಒಂದು ಲೆಕ್ಕ ಮಾಡಿಕೊಂಡು ಹೋದೆವು. 1 ಹೆಕ್ಟೇರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. 100 ಹೆಕ್ಟೇರ್ ಮೇಲೆ ಒಂದು ರಾತ್ರಿ 50 ಮಿಲಿಮೀಟರ್ ಸುರಿದರೆ 5 ಕೋಟಿ ಲೀಟರ್. ಬಹುಪಾಲು ನೆಲ ಕುಡಿದು ಹತ್ತರಲ್ಲಿ ಒಂದು ಪಾಲು ಮಾತ್ರ ಹರಿದು ಬಂದರೂ 50 ಲಕ್ಷ ಲೀಟರ್. 5,000 ಲೀಟರ್ ಟ್ಯಾಂಕರ್‌ನಲ್ಲಿ ಸಾವಿರ ಲೋಡು. ಇದನ್ನು ಸಭೆಯಲ್ಲಿ ಹೇಳಿದ್ದು ಬಿ.ಎಸ್ಸಿ. ಓದುವ ಹುಡುಗಿ. ಹವಾಮಾನ, ಇಂಗಾಲ ಅಂತ ಮಾತಾಡುವಾಗ ಹಿಂದೆ ಕೂತವರು ಸುಮ್ನೆ ಕೇಳುತ್ತಿದ್ದರು. ಸಾವಿರ ಟ್ಯಾಂಕರ್ ಅಂದಾಗ ಹೆಂಗಸರೆಲ್ಲ ತಿರುಗಿ ನೋಡಿದರು. ಟ್ಯಾಂಕರ್ ಹಿಂದೆ ಕೊಡ ಹಿಡಿದು ನಿಲ್ಲುವವರು ಅವರೇ ತಾನೇ? ಕಾಲುವೆ ಕೆಲಸ ಪಟ್ಟಿಗೆ ಸೇರಿತು, ಅದು ಅವರ ಬಾಯಿಂದಲೇ.

ಪಟ್ಟಿಗೆ ಸೇರಿದ್ದು ಕೆಲಸ ಆಗಿಬಿಟ್ಟ ಹಾಗಲ್ಲ. ನಮೂನೆ 6ರಲ್ಲಿ ಕೆಲಸ ಕೇಳಿ ಅರ್ಜಿ ಕೊಟ್ಟು, ತಾರೀಕು ಹಾಕಿದ ಸ್ವೀಕೃತಿ ಇಸ್ಕೊಳ್ಳಬೇಕಿತ್ತು. ಸ್ವೀಕೃತಿ ಇದ್ದರೆ 15 ದಿನದೊಳಗೆ ಕೆಲಸ ಕೊಡಬೇಕು ಅನ್ನೋದು ಆಗಿನ ನಿಯಮ. ನಮ್ಮ ಹುಡುಗಿಯರು ಮನೆ ಮನೆಗೆ ಹೋಗಿ ಅರ್ಜಿ ತುಂಬಿಸಿದರು. 2024ರ ಬೇಸಿಗೆಯಲ್ಲಿ ದಿನಗೂಲಿ 349 ರೂಪಾಯಿ ಇತ್ತು. ಕೂಲಿಕಾರರ ಹಾಜರಿ, ಕೆಲಸ ನೋಡಿಕೊಳ್ಳುವ ಕಾಯಕ ಬಂಧುವಾಗಿ ನಿಂತಿದ್ದೂ ನಮ್ಮ ಗುಂಪಿನ ಹುಡುಗಿಯೇ. ಗುದ್ದಲಿ, ಬಾಂಡ್ಲಿ ಹಿಡಿದು ಕೆಲಸ ಮಾಡಿದ್ದು ಊರ ಹೆಂಗಸರು. ಪ್ಲಾಸ್ಟಿಕ್ ಬಿಡಿಸುವ ಕೆಲಸ ಕೂಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದನ್ನು ಭಾನುವಾರ ನಾವು ಮಾಡಿದೆವು. ಯುವಕರು ಮುಂದಾಳತ್ವ ವಹಿಸೋದು ಅಂದರೆ ಎಲ್ಲವನ್ನೂ ಅವರೇ ಮಾಡೋದಲ್ಲ. ಕಾಗದ, ಲೆಕ್ಕ, ಓಡಾಟ, ಯಾರೂ ಮುಟ್ಟದ ಕೊಳಕು ಕೆಲಸ, ಇಷ್ಟನ್ನು ಹೊತ್ತುಕೊಂಡರೆ ಊರು ಜೊತೆಗೆ ಬರುತ್ತೆ. ನನ್ನ ನಂಬಿಕೆ ಇದು.

ಆ ಮಳೆಗಾಲದಲ್ಲಿ ಕೆರೆ ತುಂಬಲಿಲ್ಲ. ಆದರೆ ನೀರು ಅಂಗಳಕ್ಕೆ ಬಂತು, ತೂಬಿನ ಕಲ್ಲು ನೆನೆಯಿತು, ದನ ಕುರಿಗಳಿಗೆ ಕೆಲವು ತಿಂಗಳು ಅಲ್ಲೇ ನೀರಾಯಿತು.

ಮಳೆ ಅಳೆಯೋದನ್ನೂ ಶುರು ಮಾಡಿದ್ದೇವೆ. ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಆದರೆ ಗುಡ್ಡದ ಆ ಕಡೆ ಬಿದ್ದ ಮಳೆ ಈ ಕಡೆ ಬಿದ್ದಿರಲೇಬೇಕು ಅಂತಿಲ್ಲ. ನೇರ ಗೋಡೆಯ ಪಾರದರ್ಶಕ ಡಬ್ಬಿ, ಅದರ ಬಾಯಷ್ಟೇ ಅಗಲದ ಫನಲ್, ಪಕ್ಕದಲ್ಲಿ ಅಂಟಿಸಿದ ಸ್ಕೇಲ್. ಮರ, ಗೋಡೆಯಿಂದ ದೂರ ಬಯಲಲ್ಲಿ ಇಟ್ಟು ದಿನಾ ಬೆಳಿಗ್ಗೆ 8.30ಕ್ಕೆ ಓದಬೇಕು. ಹವಾಮಾನ ಇಲಾಖೆ ಓದುವ ಹೊತ್ತೂ ಅದೇ. ಹೈಸ್ಕೂಲ್ ಮಕ್ಕಳು ಪುಸ್ತಕದಲ್ಲಿ ಬರೆದಿಡುತ್ತಾರೆ.

ಈಗ ಬಾಕಿ ಇರೋದು ರಸ್ತೆ ಮೋರಿ. ಕಾಲುವೆ ರಸ್ತೆ ದಾಟುವಲ್ಲಿ ಇರುವ ಪೈಪು ಕಿರಿದು. ದೊಡ್ಡ ಮಳೆಗೆ ನೀರು ಅಲ್ಲಿ ನಿಂತು, ರಸ್ತೆ ಹತ್ತಿ ಪಕ್ಕದ ಹೊಲಕ್ಕೆ ಇಳಿಯುತ್ತೆ. ಅಲ್ಲಿ ದೊಡ್ಡ ಅಡ್ಡಮೋರಿ ಬೇಕು ಅಂತ ಕೊಟ್ಟಿರುವ ಅರ್ಜಿಗೆ ನೀರು ನಿಂತ ದಿನಗಳ ಫೋಟೊ ಮತ್ತು ಮಕ್ಕಳ ಮಳೆ ಪುಸ್ತಕದ ಜೆರಾಕ್ಸ್ ಲಗತ್ತಿಸಿದ್ದೇವೆ.