‘ಇದು ಭಾಷಣ ಮಾಡ್ತದೋ, ಉತ್ತರ ಕೊಡ್ತದೋ?’

ಅಡಿಕೆ ಬೆಳೆಗಾರರು ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಉತ್ತರಿಸುವ ಒಂದು ಚಾಟ್‌ಬಾಟ್ ಮಾಡಿದೆ. ಮಾಡಿದೆ ಅಂದರೆ, ಎಐ ಮಾಡೆಲ್ ನನ್ನದಲ್ಲ, ದುಡ್ಡು ಕೊಟ್ಟು ಬಳಸುವಂಥದ್ದು. ಹೇಗೆ ಮಾತಾಡಬೇಕು ಅಂತ ಅದಕ್ಕೆ ಹೇಳುವ ಪ್ರಾಂಪ್ಟ್ ಮಾತ್ರ ನನ್ನದು. ಮೊದಲು ಪರೀಕ್ಷೆ ಮಾಡಿದ್ದು ಶಿರಸಿ ಕಡೆ ತೋಟ ನೋಡಿಕೊಂಡಿರುವ ನಮ್ಮ ಅಪ್ಪಯ್ಯ.

ಅವರು ಕೇಳಿದ್ದು ಇಷ್ಟೇ: ‘ಕೊಳೆ ಬಂದಿದೆ. ಔಷಧಿಗೆ ಏನೇನು ಎಷ್ಟು ಹಾಕಬೇಕು?’ ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿಗೆ ಬರುವ ಕೊಳೆರೋಗ.

ಬಂದ ಉತ್ತರ ‘ಆತ್ಮೀಯ ರೈತ ಬಾಂಧವರೇ, ನಿಮ್ಮ ಪ್ರಶ್ನೆ ಅತ್ಯುತ್ತಮವಾಗಿದೆ!’ ಅಂತ ಶುರುವಾಗಿ, ರೋಗದ ಕಾರಣ, ಲಕ್ಷಣ, ಸಮಗ್ರ ನಿರ್ವಹಣೆ ಅಂತ ಏಳು ಅಂಶ ದಾಟಿ, ತಜ್ಞರನ್ನು ಸಂಪರ್ಕಿಸಿ ಅನ್ನುವಲ್ಲಿ ಮುಗಿಯಿತು. ಬೇಕಾಗಿದ್ದ ಅಳತೆ ಐದನೇ ಅಂಶದಲ್ಲಿ ‘ಕಾಪರ್ ಸಲ್ಫೇಟ್’ ಅನ್ನೋ ಹೆಸರಲ್ಲಿ ಅಡಗಿ ಕೂತಿತ್ತು. ಮನೆಯಲ್ಲಿ ಅದಕ್ಕೆ ಮೈಲುತುತ್ತ ಅಂತಾರೆ. ಅಪ್ಪಯ್ಯ ಕನ್ನಡಕ ತೆಗೆದಿಟ್ಟು, ‘ಇದು ಭಾಷಣ ಮಾಡ್ತದೋ, ಉತ್ತರ ಕೊಡ್ತದೋ?’ ಅಂದರು.

‘ಸ್ನೇಹದಿಂದ ಮಾತಾಡು’ ಅಂತ ಪ್ರಾಂಪ್ಟಿಗೆ ಸೇರಿಸಿದೆ. ಸ್ನೇಹ ಅಂದರೆ ಇಮೋಜಿ ಅಂದುಕೊಂಡಿತು. ‘ಪುಸ್ತಕದ ಭಾಷೆ ಬೇಡ’ ಅಂದೆ. ‘ಗುರು, ಟೆನ್ಶನ್ ಬೇಡ’ ಅನ್ನತೊಡಗಿತು, ಅದೂ ಎಪ್ಪತ್ತು ದಾಟಿದವರಿಗೆ!

ಹೀಗಿರು ಹಾಗಿರು ಅಂತ ಹೇಳೋದು ಬಿಟ್ಟೆ. ಊರಲ್ಲಿ ಎಲ್ಲರೂ ಫೋನ್ ಮಾಡಿ ಕೇಳುವ ಹಿರಿಯ ಬೆಳೆಗಾರರೊಬ್ಬರಿದ್ದಾರೆ. ಅವರ ಒಪ್ಪಿಗೆ ತಗೊಂಡು, ಅವರ ಜಗಲಿಯಲ್ಲಿ ಕೂತು, ಯಾರು ಏನು ಕೇಳಿದರು, ಅವರು ಏನು ಹೇಳಿದರು ಅಂತ ಹನ್ನೆರಡು ಮಾತುಕತೆ ಬರೆದುಕೊಂಡೆ. ಕೊಳೆ ಔಷಧಿ ಕೇಳಿದವರಿಗೆ ಅವರು ಹೇಳಿದ್ದು: ‘100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. 50-50 ಲೀಟರಲ್ಲಿ ಬೇರೆ ಬೇರೆ ಕದಡಿ, ಆಮೇಲೆ ಕೂಡಿಸಿ. ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಸಾಲದು. ಅಲ್ಲಾ, ನಿಮ್ಮಲ್ಲಿ ಮಳೆ ಬಿಟ್ಟಿದೆಯಾ?’

ಕೊನೆಯ ಆ ಪ್ರಶ್ನೆ ನೋಡಿ. ಮಳೆ ಬಿಡದಿದ್ದರೆ ಹೊಡೆದ ಔಷಧಿ ಗೊನೆಗೆ ಅಂಟುವ ಮೊದಲೇ ತೊಳೆದು ಹೋಗುತ್ತದೆ. ಕೇಳಿದ್ದಕ್ಕೆ ಮೊದಲು ಉತ್ತರ, ಆಮೇಲೆ ಅಗತ್ಯವಿದ್ದರೆ ಒಂದೇ ಒಂದು ಪ್ರಶ್ನೆ. ನಾನು ಎಷ್ಟು ಪ್ಯಾರಾ ಬರೆದರೂ ಬಾರದ ಧಾಟಿ ಆ ಹನ್ನೆರಡು ಮಾತುಕತೆ ಪ್ರಾಂಪ್ಟಿಗೆ ಹಾಕಿದ ಕೂಡಲೇ ಬಂತು. (ಮಾಡೆಲ್ ಬರಹವನ್ನು ಟೋಕನ್ ಅನ್ನುವ ಸಣ್ಣ ತುಂಡು ಮಾಡಿ ಓದುತ್ತದೆ, ಬಿಲ್ಲೂ ಅದರ ಲೆಕ್ಕದಲ್ಲೇ. ಕನ್ನಡಕ್ಕೆ ಇಂಗ್ಲಿಷಿಗಿಂತ ಟೋಕನ್ ಜಾಸ್ತಿ, ಹಾಗಾಗಿ ಬಿಲ್ಲೂ ಏರಿತು.)

ಆದರೆ ಹನ್ನೆರಡೂ ಪ್ರಶ್ನೆಯಲ್ಲೇ ಮುಗಿಯುತ್ತಿದ್ದವು. ಅಡಿಕೆ ರೇಟು ಕೇಳಿದವರಿಗೂ ‘ಮಳೆ ಬಿಟ್ಟಿದೆಯಾ?’ ಅನ್ನಲು ಶುರುಮಾಡಿತು. ನಾಲ್ಕರಲ್ಲಿ ಪ್ರಶ್ನೆ ಕಿತ್ತುಹಾಕಿದೆ. ‘ಧನ್ಯವಾದ’ ಅಂದವರಿಗೆ ಸುಮ್ನೆ ‘ಆಯ್ತು, ಒಳ್ಳೇದಾಗಲಿ’ ಅನ್ನುವ ಉದಾಹರಣೆ ಒಂದು ಸೇರಿಸಿದ ಮೇಲೆ ಸರಿಹೋಯಿತು.

ನಿಜಕ್ಕೂ ಹೆದರಿಸಿದ್ದು ಬೇರೆ. ನಮ್ಮ ಭಾವ ಕೇಳಿದರು: ‘ರೋಗ ಜೋರಿದೆ, ಸುಣ್ಣ ಅಷ್ಟೇ ಇಟ್ಟು ತುತ್ತ 2 ಕೆಜಿ ಮಾಡಿದರೆ ಬೇಗ ಹಿಡಿತಕ್ಕೆ ಬರ್ತದೆ ಅಲ್ವಾ?’ ಬಾಟ್ ಅಂದಿತು, ‘ಹೌದು, ಒಳ್ಳೆ ಯೋಚನೆ!’ ಹಾಗೆ ಮಾಡಿದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಈ ಮಾಡೆಲ್‌ಗಳನ್ನು ತಿದ್ದುವಾಗ ಜನ ಯಾವ ಉತ್ತರ ಮೆಚ್ಚಿದರು ಅನ್ನೋದೂ ಲೆಕ್ಕಕ್ಕೆ ಬರುತ್ತದೆ, ಜನ ಹೂಂ ಅನ್ನುವವರನ್ನೇ ಮೆಚ್ಚೋದು ಜಾಸ್ತಿ, ಅದನ್ನೇ ಅದು ಕಲಿತಿರುತ್ತದೆ. ‘ಕೇಳಿದವರ ಊಹೆ ತಪ್ಪಿದ್ದರೆ ಮೊದಲ ಮಾತಲ್ಲೇ ಬೇಡ ಅನ್ನು, ಕಾರಣ ಒಂದು ಸಾಲಲ್ಲಿ ಹೇಳು’ ಅಂತ ಬರೆದೆ, ಅಂಥ ಮೂರು ಉದಾಹರಣೆ ಕೊಟ್ಟೆ. ಈಗ ಪ್ರಾಂಪ್ಟಿನಲ್ಲಿ ಒಂದು ಪದ ಬದಲಿಸಿದರೂ, ಜನ ಕೇಳಿದ 40 ಪ್ರಶ್ನೆ ಮತ್ತೆ ಓಡಿಸಿ ಉತ್ತರ ಓದುತ್ತೇನೆ. ಭಾವನ ಪ್ರಶ್ನೆ ಆ ಪಟ್ಟಿಯಲ್ಲಿ ಮೊದಲನೆಯದು.

ಈಗ ಅಪ್ಪಯ್ಯನಿಗೆ ನಾಲ್ಕು ಸಾಲಲ್ಲಿ ಉತ್ತರ ಬರುತ್ತದೆ. ‘ಅಡ್ಡಿಲ್ಲೆ’ ಅಂದರು. ಆದರೆ ನಿನ್ನೆ ‘ಕೊನೆಗೌಡ ಬರಲಿಲ್ಲ, ಏನು ಮಾಡೋದು?’ ಅಂತ ಕೇಳಿದ್ದಾರೆ. ಮರ ಹತ್ತಿ ಔಷಧಿ ಹೊಡೆಯುವವನು ಬರಲಿಲ್ಲ ಅಂತ ಅರ್ಥ. ಬಾಟ್ ಹೇಳಿದ್ದು: ‘ಕೊನೆಗೌಡ ರೋಗ ಬಾರದಿರುವುದು ಒಳ್ಳೆಯದೇ. ಎಲೆ ಹಳದಿಯಾಗಿದೆಯಾ?’ ಇವತ್ತು ರಾತ್ರಿ ಅದಕ್ಕೆ ಕೂರಬೇಕು.